ರಾತ್ರಿ 236, ಬೆಳಿಗ್ಗೆ 38: ಮಧುಮೇಹಿಯೊಬ್ಬರ ಪ್ರಕರಣ

ಮಧುಮೇಹ ಇರುವವರು ಮದ್ಯ ಸೇವಿಸಬಹುದೇ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಒಂದು, "ಮುಟ್ಟಲೇಬೇಡಿ." ಇನ್ನೊಂದು, "ಮಿತಿಯಲ್ಲಿರಲಿ." ಮೊದಲನೆಯ ಉತ್ತರ ಕೇಳಿಸಿಕೊಂಡವರು ಮುಂದೆ ಕುಡಿದರೂ ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ. ಎರಡನೆಯದನ್ನು ಕೇಳಿಸಿಕೊಂಡವರಿಗೆ ಮಿತಿ ಎಂದರೆ ಎಷ್ಟು, ಯಾವ ಹೊತ್ತಿನಲ್ಲಿ, ಯಾವ ಮಾತ್ರೆಯ ಜೊತೆಯಲ್ಲಿ ಎಂಬುದು ತಿಳಿಯುವುದಿಲ್ಲ. ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿರುವುದು ಈ ಕಾರಣಕ್ಕೆ.

ಇಲ್ಲಿ ಬರುವ ವ್ಯಕ್ತಿ ಯಾರೋ ಒಬ್ಬ ನಿರ್ದಿಷ್ಟ ರೋಗಿಯಲ್ಲ. ಮಧುಮೇಹ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬರ ಮೇಲೆ ಕೂಡಿಸಿ ಕಟ್ಟಿದ ಪ್ರಕರಣ ಇದು. ಪರೀಕ್ಷೆಯ ಅಂಕಿಗಳು ಅಂಥ ರೋಗಿಯಲ್ಲಿ ಕಾಣಬಹುದಾದವು. ದೇಹದಲ್ಲಿ ಏನಾಗುತ್ತದೆ ಎಂಬ ವಿವರಣೆ ಮಾತ್ರ ಎಲ್ಲರಿಗೂ ಅನ್ವಯಿಸುವಂಥದ್ದು.

ವ್ಯಕ್ತಿ ಮತ್ತು ಔಷಧಗಳು

ವಯಸ್ಸು 54, ಗಂಡಸು, ತೂಕ 72 ಕಿಲೋ. ಟೈಪ್ 2 ಮಧುಮೇಹ ಶುರುವಾಗಿ ಹನ್ನೊಂದು ವರ್ಷ. ಮೆಟ್‌ಫಾರ್ಮಿನ್ ದಿನಕ್ಕೆ ಎರಡು ಬಾರಿ, ಗ್ಲಿಮೆಪಿರೈಡ್ 2 ಮಿಲಿಗ್ರಾಂ ಬೆಳಿಗ್ಗೆ ಮತ್ತು ಸಂಜೆ, ಮಲಗುವ ಮುಂಚೆ ಗ್ಲಾರ್ಜಿನ್ ಇನ್ಸುಲಿನ್ 18 ಯೂನಿಟ್. ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ 7.1. ಮೂತ್ರಪಿಂಡದ ಕಾರ್ಯವನ್ನು ಸೂಚಿಸುವ ಇಜಿಎಫ್‌ಆರ್ 52ಕ್ಕೆ ಇಳಿದಿತ್ತು. ಕಡತದಲ್ಲಿ ಮದ್ಯಪಾನದ ಮುಂದೆ "ಇಲ್ಲ" ಎಂದು ಬರೆದಿತ್ತು.

ಮೇಲುನೋಟಕ್ಕೆ ಇದು ಚೆನ್ನಾಗಿ ನಡೆಯುತ್ತಿರುವ ಚಿಕಿತ್ಸೆ. 7.1 ಎಂಬ ಅಂಕಿ ನೋಡಿದ ಯಾರಿಗಾದರೂ ನೆಮ್ಮದಿಯಾಗುತ್ತದೆ. ಆದರೆ ಈ ಪಟ್ಟಿಯಲ್ಲಿರುವ ಮೂರು ಔಷಧಗಳಲ್ಲಿ ಎರಡು ಸಕ್ಕರೆಯನ್ನು ಅಪಾಯದ ಮಟ್ಟಕ್ಕೂ ಇಳಿಸಬಲ್ಲವು. ಗ್ಲಿಮೆಪಿರೈಡ್ ಸಲ್ಫನೈಲ್‌ಯೂರಿಯಾ ಗುಂಪಿನ ಮಾತ್ರೆ. ಊಟ ಮಾಡಿದರೂ ಮಾಡದಿದ್ದರೂ ಅದು ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಗ್ಲಾರ್ಜಿನ್ ಸುಮಾರು ಇಡೀ ದಿನ ಸಮನಾಗಿ ಕೆಲಸ ಮಾಡುವ ಇನ್ಸುಲಿನ್. ಮೂತ್ರಪಿಂಡ ದುರ್ಬಲವಾದಾಗ ಎರಡರ ಪ್ರಭಾವವೂ ಇನ್ನಷ್ಟು ಹೊತ್ತು ಉಳಿಯುತ್ತದೆ. ಮದ್ಯದ ಮಾತು ಬರುವ ಮೊದಲೇ ಇಷ್ಟೆಲ್ಲ ಸಿದ್ಧವಾಗಿತ್ತು.

ಆ ಶನಿವಾರ

ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಕೂಟ ರಾತ್ರಿ ಎಂಟಕ್ಕೆ ಇತ್ತು. ಸಂಜೆ ಹೇಗೂ ತಿನ್ನುವುದು, ಕುಡಿಯುವುದು ಇದೆಯೆಂದು ಇವರು ಮಧ್ಯಾಹ್ನದ ಊಟ ಬಿಟ್ಟರು. ಸಂಜೆ ಐದಕ್ಕೆ ಎಂದಿಗಿಂತ ದೂರ, ಒಂದೂವರೆ ಗಂಟೆ ನಡೆದು ಬಂದರು. ರಾತ್ರಿ ಬರುವ ಸಕ್ಕರೆಯನ್ನು ಮುಂಚಿತವಾಗಿ ಕರಗಿಸಿಡಬೇಕೆಂಬ ಲೆಕ್ಕ ಅದು. ಏಳೂವರೆಗೆ ಸಂಜೆಯ ಗ್ಲಿಮೆಪಿರೈಡ್ ನುಂಗಿದರು. ಮಾತ್ರೆ ತಪ್ಪಿಸಬಾರದು ಎಂಬ ಶಿಸ್ತು ಅವರಲ್ಲಿ ಗಟ್ಟಿಯಾಗಿತ್ತು.

ಕೂಟದಲ್ಲಿ 60 ಮಿಲಿಲೀಟರಿನ ಮೂರು ಪೆಗ್, ಸಿಹಿ ತಂಪು ಪಾನೀಯದಲ್ಲಿ ಬೆರೆಸಿ. ಜೊತೆಗೆ ಒಂದಿಷ್ಟು ಕರಿದ ತಿನಿಸು. ಊಟ ಬಡಿಸುವ ಹೊತ್ತಿಗೆ ಹಸಿವಿರಲಿಲ್ಲ. ಕೊನೆಯ ಗ್ಲಾಸ್ ಮುಗಿದಾಗ ಹತ್ತೂವರೆ. ಬೇರೆಯವರ ಕಾರಿನಲ್ಲಿ ಮನೆಗೆ ಬಂದರು.

ಹನ್ನೊಂದಕ್ಕೆ ಗ್ಲುಕೋಮೀಟರ್ 236 ತೋರಿಸಿತು. ಮನೆಯವರು ಮಲಗಿದ್ದರು. ಇವರು ಇನ್ಸುಲಿನ್ ಪೆನ್ನನ್ನು 18ರ ಬದಲು 22ಕ್ಕೆ ತಿರುಗಿಸಿ ಚುಚ್ಚಿಕೊಂಡು ಮಲಗಿದರು.

ಬೆಳಿಗ್ಗೆ ಏಳಕ್ಕೆ ಹೆಂಡತಿ ಎಬ್ಬಿಸಲು ಹೋದಾಗ ಏನೋ ಗೊಣಗಿ ಮಗ್ಗುಲಾದರು. ದಿಂಬಿನ ಬಟ್ಟೆ ಒದ್ದೆಯಾಗಿತ್ತು, ಅಂಗಿಯ ಬೆನ್ನು ಮೈಗೆ ಅಂಟಿತ್ತು. "ರಾತ್ರಿ ಸ್ವಲ್ಪ ಜಾಸ್ತಿ ಆಗಿರಬೇಕು ಅಮ್ಮ, ಮಲಗಲಿ ಬಿಡು" ಎಂದ ಮಗ. ಬಾಯಿಯಲ್ಲಿ ಮದ್ಯದ ವಾಸನೆ ಇನ್ನೂ ಇತ್ತು. ಆ ಮಾತನ್ನು ನಂಬದಿರಲು ಕಾರಣವೇ ಇರಲಿಲ್ಲ. ಒಂಬತ್ತೂಕಾಲಿಗೆ ಮತ್ತೆ ನೋಡಿದಾಗ ಅಲುಗಾಡಿಸಿದರೂ ಕಣ್ಣು ತೆರೆಯಲಿಲ್ಲ. ಹೆಂಡತಿ ಬೆರಳು ಚುಚ್ಚಿ ನೋಡಿದರು. ಡೆಸಿಲೀಟರಿಗೆ 38 ಮಿಲಿಗ್ರಾಂ.

ಸಕ್ಕರೆ ನೀರನ್ನು ಬಾಯಿಗೆ ಹಾಕಲು ಹೊರಟ ಮಗನನ್ನು ಅವರು ತಡೆದದ್ದು ದೊಡ್ಡ ವಿಷಯ. ಪ್ರಜ್ಞೆ ಇಲ್ಲದವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಗಂಡನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ ಆಂಬುಲೆನ್ಸ್ ಕರೆಸಿದರು.

ತುರ್ತು ಚಿಕಿತ್ಸೆ ಮತ್ತು ಎರಡನೆಯ ಇಳಿತ

ರಕ್ತನಾಳದ ಮೂಲಕ 25 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲುಕೋಸ್) ಕೊಟ್ಟ ಹತ್ತು ನಿಮಿಷದಲ್ಲಿ ಸಕ್ಕರೆ 164ಕ್ಕೆ ಏರಿತು. ರೋಗಿ ಕಣ್ಣು ಬಿಟ್ಟರು, ಹೆಸರು ಹೇಳಿದರು, ಎಲ್ಲಿದ್ದೇನೆ ಎಂದು ಕೇಳಿದರು. ಮನೆಯವರಿಗೆ ಹೋದ ಜೀವ ಬಂದಂತಾಯಿತು. ಇನ್ನು ಮನೆಗೆ ಹೋಗಬಹುದಲ್ಲ ಎಂದು ಅವರು ಕೇಳಿದ್ದೂ ಸಹಜ.

ಮಧ್ಯಾಹ್ನ ಹನ್ನೆರಡೂವರೆಗೆ ಸಕ್ಕರೆ ಮತ್ತೆ 58.

ಸಲ್ಫನೈಲ್‌ಯೂರಿಯಾ ಮಾತ್ರೆಯಿಂದ ಇಳಿದ ಸಕ್ಕರೆ ಒಂದು ಸಲ ಮೇಲೆದ್ದರೆ ಪ್ರಕರಣ ಮುಗಿಯುವುದಿಲ್ಲ. ಕೊಟ್ಟ ಡೆಕ್ಸ್‌ಟ್ರೋಸ್ ಕೆಲವೇ ಹೊತ್ತಿನಲ್ಲಿ ಖರ್ಚಾಗುತ್ತದೆ, ಆದರೆ ಮಾತ್ರೆ ರಕ್ತದಲ್ಲಿ ಉಳಿದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಏರಿದ ಸಕ್ಕರೆಯೇ ಗ್ರಂಥಿಯನ್ನು ಮತ್ತಷ್ಟು ಕೆರಳಿಸುವುದೂ ಉಂಟು. ಈ ಗುಂಪಿನ ಮಾತ್ರೆಯಿಂದ ತೀವ್ರ ಇಳಿತ ಕಂಡವರನ್ನು ಕನಿಷ್ಠ 24 ಗಂಟೆ ನಿಗಾದಲ್ಲಿ ಇಡುವುದು ಇದಕ್ಕಾಗಿಯೇ. ಇವರಿಗೆ ಮರುದಿನ ಸಂಜೆಯವರೆಗೆ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ, ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಲಾಯಿತು. ಆ ಬೆಳಿಗ್ಗೆ ಮನೆಗೆ ಕರೆದುಕೊಂಡು ಹೋಗಿದ್ದರೆ ಭಾನುವಾರ ಮಧ್ಯಾಹ್ನದ ನಿದ್ದೆಯಲ್ಲಿ ಎರಡನೆಯ ಇಳಿತ ಆಗುತ್ತಿತ್ತು.

ಮನೆಯಲ್ಲಿ ಗ್ಲುಕಗಾನ್ ಚುಚ್ಚುಮದ್ದು ಇದ್ದಿದ್ದರೆ? ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಅದು ಇರುವುದು ಒಳ್ಳೆಯದೇ. ಆದರೆ ಗ್ಲುಕಗಾನ್ ಮಾಡುವ ಮುಖ್ಯ ಕೆಲಸ ಇದು: ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ ಅನ್ನು ಗ್ಲುಕೋಸ್ ಆಗಿ ಬಿಡುಗಡೆ ಮಾಡಿಸುವುದು. ದಾಸ್ತಾನು ಬರಿದಾಗಿದ್ದರೆ ಬಿಡುಗಡೆ ಮಾಡಲು ಏನೂ ಇರುವುದಿಲ್ಲ. ಊಟ ಬಿಟ್ಟು, ನಡೆದು, ಕುಡಿದು ಮಲಗಿದವರಲ್ಲಿ ಅದರ ಫಲ ಕಡಿಮೆ. ಚುಚ್ಚಿದ ಮೇಲೂ ಆಂಬುಲೆನ್ಸಿಗಾಗಿ ಕರೆ ಮಾಡಲೇಬೇಕು.

236 ಹೇಗೆ 38 ಆಯಿತು

ಇಡೀ ಪ್ರಕರಣದ ತಿರುಳು ಇಲ್ಲಿದೆ. ಹೆಚ್ಚಿನ ಜನ ಮದ್ಯವನ್ನು ಸಕ್ಕರೆ ಏರಿಸುವ ವಸ್ತು ಎಂದೇ ತಿಳಿದಿದ್ದಾರೆ, ಇವರೂ ಹಾಗೆಯೇ ತಿಳಿದಿದ್ದರು. ರಾತ್ರಿಯ 236 ಆ ತಿಳಿವಳಿಕೆಗೆ ಸಾಕ್ಷಿಯಂತೆ ಕಂಡಿತು. ಆದರೆ ಅದು ತಂಪು ಪಾನೀಯದ ಸಕ್ಕರೆ ಮತ್ತು ಕರಿದ ತಿನಿಸಿನ ಪಿಷ್ಟದಿಂದ ಬಂದ ಅಂಕಿ. ಮದ್ಯಸಾರ ಅಷ್ಟು ಹೊತ್ತಿಗೆ ಮಾಡುತ್ತಿದ್ದ ಕೆಲಸ ಮೀಟರಿನಲ್ಲಿ ಕಾಣುವಂಥದ್ದಲ್ಲ.

ನಾವು ಉಣ್ಣದಿರುವ ಹೊತ್ತಿನಲ್ಲಿ, ಮುಖ್ಯವಾಗಿ ರಾತ್ರಿ, ರಕ್ತದ ಸಕ್ಕರೆಯನ್ನು ಕಾಯುವುದು ಯಕೃತ್ತು. ಅದಕ್ಕೆ ಎರಡು ದಾರಿಗಳಿವೆ. ಕೂಡಿಟ್ಟ ಗ್ಲೈಕೊಜೆನ್ ಅನ್ನು ಒಡೆದು ಬಿಡುವುದು ಒಂದು. ಲ್ಯಾಕ್ಟೇಟ್, ಅಮೈನೋ ಆಮ್ಲ, ಗ್ಲಿಸರಾಲ್‌ಗಳಿಂದ ಹೊಸ ಗ್ಲುಕೋಸ್ ತಯಾರಿಸುವುದು ಇನ್ನೊಂದು. ದಾಸ್ತಾನು ದೊಡ್ಡದಲ್ಲ, ಚೆನ್ನಾಗಿ ಉಂಡವರಲ್ಲಿ ಸುಮಾರು 100 ಗ್ರಾಂ. ಉಪವಾಸ ಮತ್ತು ವ್ಯಾಯಾಮ ಅದನ್ನು ಬೇಗ ಕರಗಿಸುತ್ತವೆ. ದಾಸ್ತಾನು ತೀರುತ್ತ ಬಂದಂತೆ ಬೆಳಗಿನ ಜಾವದ ಹೊತ್ತಿಗೆ ಎರಡನೆಯ ದಾರಿಯೇ ಆಸರೆ.

ಮದ್ಯಸಾರ ಮುಚ್ಚುವುದು ಆ ಎರಡನೆಯ ದಾರಿಯನ್ನು. ಯಕೃತ್ತು ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಅಸಿಟೇಟ್ ಆಗಿ ಬದಲಿಸುತ್ತದೆ. ಎರಡೂ ಹಂತಗಳಲ್ಲಿ ಎನ್‌ಎಡಿ ಎಂಬ ಸಹಕಿಣ್ವ ಎನ್‌ಎಡಿಎಚ್ ಆಗಿ ಮಾರ್ಪಡುತ್ತದೆ. ಎನ್‌ಎಡಿಎಚ್ ಹೆಚ್ಚಾದಾಗ ಗ್ಲುಕೋಸ್ ಆಗಬೇಕಿದ್ದ ಪೈರುವೇಟ್ ಲ್ಯಾಕ್ಟೇಟ್ ಕಡೆಗೆ ತಿರುಗಿಬಿಡುತ್ತದೆ, ಹೊಸ ಗ್ಲುಕೋಸಿನ ಉತ್ಪಾದನೆ ಕುಸಿಯುತ್ತದೆ. ಮಧುಮೇಹ ಇಲ್ಲದವರಲ್ಲಿ ಸಕ್ಕರೆ ಇಳಿಯತೊಡಗಿದ ಕೂಡಲೇ ದೇಹ ಇನ್ಸುಲಿನ್ ನಿಲ್ಲಿಸುತ್ತದೆ. ಚುಚ್ಚಿಕೊಂಡ ಇನ್ಸುಲಿನ್ ಮತ್ತು ನುಂಗಿದ ಗ್ಲಿಮೆಪಿರೈಡ್ ನಿಲ್ಲುವುದಿಲ್ಲ.

ಈಗ ಆ ಶನಿವಾರವನ್ನು ಮತ್ತೊಮ್ಮೆ ನೋಡಿ. ಮಧ್ಯಾಹ್ನದ ಊಟ ಬಿಟ್ಟದ್ದು ಮತ್ತು ಸಂಜೆಯ ಉದ್ದದ ನಡಿಗೆ ದಾಸ್ತಾನನ್ನು ಕರಗಿಸಿದವು. ರಾತ್ರಿಯ ಊಟ ಇಲ್ಲದ್ದರಿಂದ ಅದು ಮತ್ತೆ ತುಂಬಲಿಲ್ಲ. ಮದ್ಯಸಾರ ಹೊಸ ಗ್ಲುಕೋಸ್ ತಯಾರಿಯನ್ನು ತಡೆಯಿತು. ಊಟ ಬರುತ್ತದೆ ಎಂದುಕೊಂಡು ನುಂಗಿದ ಮಾತ್ರೆಗೆ ಊಟ ಸಿಗಲಿಲ್ಲ. ಅದರ ಮೇಲೆ ನಾಲ್ಕು ಯೂನಿಟ್ ಹೆಚ್ಚುವರಿ ಇನ್ಸುಲಿನ್. ಪಾನೀಯದ ಸಕ್ಕರೆ ಒಂದೆರಡು ಗಂಟೆಯಲ್ಲಿ ಮುಗಿದ ಮೇಲೆ ಸಕ್ಕರೆಯನ್ನು ಎತ್ತಿಹಿಡಿಯಲು ಯಾವುದೂ ಉಳಿದಿರಲಿಲ್ಲ.

ಇವರು ಪ್ರಜ್ಞೆ ತಪ್ಪಿದ್ದು ಕೊನೆಯ ಗ್ಲಾಸಾದ ಹತ್ತು ಗಂಟೆಗಳ ನಂತರ ಎಂಬುದು ಮನೆಯವರಿಗೆ ಅರ್ಥವಾಗದ ಸಂಗತಿಯಾಗಿತ್ತು. ದೇಹ ಗಂಟೆಗೆ ಸರಿಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲದು. ಕಾಫಿ, ತಣ್ಣೀರ ಸ್ನಾನ ಇವು ಆ ವೇಗವನ್ನು ಹೆಚ್ಚಿಸುವುದಿಲ್ಲ. ಅಮಲು ಇಳಿದ ಮೇಲೂ ಯಕೃತ್ತು ಆ ಕೆಲಸದಲ್ಲೇ ಇರುತ್ತದೆ, ದಾಸ್ತಾನು ಖಾಲಿಯೇ ಇರುತ್ತದೆ. ಸಕ್ಕರೆ ಇಳಿಯುವ ಅಪಾಯ 24 ಗಂಟೆಯವರೆಗೂ ಇರಬಹುದು ಎಂದು ಹೇಳುವುದು ಇದರಿಂದ. 2001ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಟೈಪ್ 1 ಮಧುಮೇಹದ ಆರು ಗಂಡಸರಿಗೆ ಒಂದು ರಾತ್ರಿ ವೈನ್, ಇನ್ನೊಂದು ರಾತ್ರಿ ನೀರು ಕೊಟ್ಟು ನೋಡಿದರು. ವೈನ್ ಕುಡಿದ ಮರುದಿನ ಬೆಳಿಗ್ಗೆ ಹತ್ತು ಗಂಟೆಯ ನಂತರ ಐವರಿಗೆ ಸಕ್ಕರೆ ಇಳಿದು ಚಿಕಿತ್ಸೆ ಬೇಕಾಯಿತು, ಅದೂ ತಿಂಡಿ ತಿಂದ ಮೇಲೆ. ನೀರು ಕುಡಿದ ದಿನ ಒಬ್ಬರಿಗೂ ಹಾಗಾಗಲಿಲ್ಲ. ನಡುರಾತ್ರಿಯಿಂದ ನಾಲ್ಕರವರೆಗೆ ಅವರಲ್ಲಿ ಬೆಳವಣಿಗೆಯ ಹಾರ್ಮೋನಿನ ಸ್ರಾವವೂ ತಗ್ಗಿತ್ತು. ಬೆಳಗಿನ ಸಕ್ಕರೆಯನ್ನು ಎತ್ತಿಹಿಡಿಯುವುದರಲ್ಲಿ ಆ ಹಾರ್ಮೋನಿಗೂ ಪಾಲಿದೆ.

ಹಾಗಾಗಿ ಮಧುಮೇಹಿಗಳಿಗೆ ಮದ್ಯದ ಬಗ್ಗೆ ಒಂದೇ ಒಂದು ಮಾತು ಹೇಳಲು ಅವಕಾಶ ಸಿಕ್ಕರೆ ನಾನು ಮರುದಿನ ಬೆಳಗಿನ ಮಾತನ್ನೇ ಹೇಳುತ್ತೇನೆ. ಕೂಟದಲ್ಲಿ ಎಲ್ಲರ ಕಣ್ಣೂ ಗ್ಲಾಸಿನ ಮೇಲಿರುತ್ತದೆ, ಅಪಾಯ ಬರುವುದು ಎಲ್ಲರೂ ಮಲಗಿರುವಾಗ.

ಅಮಲೋ, ಸಕ್ಕರೆ ಇಳಿದದ್ದೋ

ಏಳು ಗಂಟೆಯಿಂದ ಒಂಬತ್ತೂಕಾಲರವರೆಗಿನ ಆ ಎರಡು ಗಂಟೆಗಳ ಬಗ್ಗೆ ಮನೆಯವರು ಬಹಳ ನೊಂದುಕೊಂಡರು. ಆದರೆ ತಪ್ಪು ಅವರದಲ್ಲ. ತೊದಲು ಮಾತು, ತೂಕಡಿಕೆ, ಗೊಂದಲ, ಓಲಾಟ, ತಲೆನೋವು, ವಾಕರಿಕೆ, ಸಿಡುಕು: ಈ ಪಟ್ಟಿ ಕುಡಿದವರಿಗೂ ಹೊಂದುತ್ತದೆ, ಸಕ್ಕರೆ ಇಳಿದವರಿಗೂ ಹೊಂದುತ್ತದೆ. ತಣ್ಣನೆಯ ಬೆವರು ಸಕ್ಕರೆಯ ಕಡೆಗೆ ಬೆರಳು ತೋರಿಸುತ್ತದೆಯಾದರೂ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ನೋಡಿ ಹೇಳುವುದು ಅನುಭವಿ ವೈದ್ಯರಿಗೂ ಆಗದ ಮಾತು. ಸ್ಟ್ರಿಪ್ ಒಂದೇ ಹೇಳಬಲ್ಲದು.

ಅದಕ್ಕಿಂತ ಕಷ್ಟದ ಸಂಗತಿ ಎಂದರೆ, ಸ್ವತಃ ರೋಗಿಗೂ ಗೊತ್ತಾಗದಿರುವುದು. ಕೈನಡುಕ, ಎದೆಬಡಿತ, ಹಸಿವು ಎಂಬ ಮುನ್ಸೂಚನೆಗಳನ್ನು ಅಮಲು ಮಂಕಾಗಿಸುತ್ತದೆ. ಹನ್ನೊಂದು ವರ್ಷದ ಮಧುಮೇಹ ಅವುಗಳನ್ನು ಮೊದಲೇ ಮೊಂಡಾಗಿಸಿರಬಹುದು. ರಕ್ತದೊತ್ತಡ, ಹೃದಯದ ತೊಂದರೆಗಳಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ ಮತ್ತು ಎದೆಬಡಿತ ಇನ್ನೂ ಮರೆಯಾಗುತ್ತವೆ.

ಹೊರಗೆ, ಅಪರಿಚಿತರ ನಡುವೆ ಇದು ನಡೆದರೆ ಏನಾಗುತ್ತದೆ ಎಂದು ಯೋಚಿಸಿದರೆ ಮನಸ್ಸು ಕಳವಳಗೊಳ್ಳುತ್ತದೆ. ಬಾಯಿಯಲ್ಲಿ ಮದ್ಯದ ವಾಸನೆ ಇರುವ, ಬೆಂಚಿನ ಮೇಲೆ ಒರಗಿದ ಮನುಷ್ಯನ ಬೆರಳು ಚುಚ್ಚಿ ನೋಡುವವರು ಯಾರು? ತಾನು ಮಧುಮೇಹಿ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ ಎಂದು ತಿಳಿಸುವ ಚೀಟಿಯೋ ಕೈಪಟ್ಟಿಯೋ ಮೈಮೇಲಿರಬೇಕು ಎನ್ನುವುದು ಔಪಚಾರಿಕ ಸಲಹೆಯಂತೆ ಕೇಳುತ್ತದೆ. ಕುಡಿಯುವ ರಾತ್ರಿಯಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ.

ಕಡತದಲ್ಲಿದ್ದ "ಇಲ್ಲ"

ಬಿಡುಗಡೆಯಾದ ವಾರದ ನಂತರ ನಡೆದ ಮಾತುಕತೆಯಲ್ಲಿ ಆ "ಇಲ್ಲ" ಹೇಗೆ ಬಂತು ಎಂಬುದು ತಿಳಿಯಿತು. ವರ್ಷಗಳ ಹಿಂದೆ, ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾಗ, "ನೀವು ಕುಡಿಯುವುದಿಲ್ಲ ತಾನೇ?" ಎಂದು ಯಾರೋ ಕೇಳಿದ್ದರು. ಅಂಥ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಆಮೇಲೆ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಈ ಬಾರಿ ಪ್ರಶ್ನೆಗಳು ಬೇರೆ ರೀತಿಯವಾಗಿದ್ದವು. ಕೊನೆಯ ಸಲ ಕುಡಿದದ್ದು ಯಾವಾಗ? ಅಂದು ಎಷ್ಟು? ಜೊತೆಗೆ ಏನು ತಿಂದಿರಿ? ಮಾತ್ರೆ ಯಾವಾಗ ನುಂಗಿದಿರಿ? ಮರುದಿನ ಎದ್ದಾಗ ಹೇಗಿತ್ತು? ಎರಡು ತಿಂಗಳಿಗೊಮ್ಮೆ ಇಂಥ ಕೂಟ ಇರುತ್ತದೆ ಎಂದರು. ಹಿಂದೆಯೂ ಎರಡು ಬಾರಿ ಬೆವರಿ ಎದ್ದು, ಅದನ್ನು ಕುಡಿತದ ಮಂಪರು ಎಂದುಕೊಂಡು ಸಿಹಿ ಚಹಾ ಕುಡಿದ ಮೇಲೆ ಸರಿಹೋಗಿತ್ತಂತೆ. ಮಧುಮೇಹಿಗಳ ಜೊತೆ ಕೆಲಸ ಮಾಡುವ ಎಲ್ಲರಿಗೂ ನನ್ನ ಕೋರಿಕೆ ಇದು: ರೋಗಿ ಒಬ್ಬರೇ ಇರುವಾಗ, ತೀರ್ಪಿನ ಧಾಟಿ ಇಲ್ಲದೆ ಕೇಳಿ. ಮರೆಮಾಚಿದ ಎರಡು ಪೆಗ್ಗಿಗಿಂತ ಹೇಳಿಕೊಂಡ ನಾಲ್ಕು ಪೆಗ್ಗಿಗೆ ಚಿಕಿತ್ಸೆ ಹೊಂದಿಸುವುದು ಸುಲಭ.

"ಮೂರೇ ಅಲ್ಲವೇ ಡಾಕ್ಟರೇ" ಎಂದು ಅವರು ಕೇಳಿದ್ದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಬೇಕಾಯಿತು. 60 ಮಿಲಿಲೀಟರಿನ ಮೂರು ಗ್ಲಾಸ್ ಎಂದರೆ 180. ಅದರಲ್ಲಿ ಶೇಕಡ 40 ಮದ್ಯಸಾರ, ಅಂದರೆ 72 ಮಿಲಿಲೀಟರ್. ಮಿಲಿಲೀಟರಿಗೆ 0.789 ಗ್ರಾಂ ಲೆಕ್ಕದಲ್ಲಿ ಸುಮಾರು 57 ಗ್ರಾಂ. ಅಮೆರಿಕದಲ್ಲಿ ಒಂದು ಪ್ರಮಾಣಿತ ಡ್ರಿಂಕ್ ಎಂದರೆ 14 ಗ್ರಾಂ ಮದ್ಯಸಾರ. ಅಮೆರಿಕದ ಮಧುಮೇಹ ಸಂಘ ಗಂಡಸರಿಗೆ ದಿನಕ್ಕೆ ಎರಡು, ಹೆಂಗಸರಿಗೆ ಒಂದು ಎಂಬ ಮೇಲ್ಮಿತಿ ಇಡುತ್ತದೆ. ಇವರು ಕುಡಿದದ್ದು ಆ ಲೆಕ್ಕದಲ್ಲಿ ನಾಲ್ಕು. ಬ್ರಿಟನ್ನಿನ 8 ಗ್ರಾಂ ಯೂನಿಟ್ಟಿನಲ್ಲಿ ಏಳು, ಅಲ್ಲಿ ಇಡೀ ವಾರಕ್ಕೆ ಹೇಳಿರುವ 14ರಲ್ಲಿ ಅರ್ಧ. ಶೇಕಡ 5ರ ಬಿಯರಿನ 500 ಮಿಲಿಲೀಟರಿನಲ್ಲಿಯೂ ಸುಮಾರು 20 ಗ್ರಾಂ ಇರುತ್ತದೆ. ಬಿಯರ್ ಹಗುರ ಎನ್ನುವವರಿಗೆ ಈ ಅಂಕಿ ತಿಳಿದಿರಲಿ. ವಾರವಿಡೀ ಬಿಟ್ಟು ಒಂದೇ ರಾತ್ರಿ ಎಲ್ಲವನ್ನೂ ಕುಡಿಯುವುದಕ್ಕೆ ಯಾವ ಮಾರ್ಗಸೂಚಿಯೂ ಒಪ್ಪುವುದಿಲ್ಲ.

ಹಾಗೆಯೇ, ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದಲ್ಲವೇ ಎಂದೂ ಅವರು ಕೇಳಿದರು. ಟೈಪ್ 2 ಮಧುಮೇಹಿಗಳಿಗೆ ರಾತ್ರಿಯ ಊಟದೊಡನೆ ಒಂದು ಗ್ಲಾಸ್ ವೈನ್ ಕೊಟ್ಟು ಎರಡು ವರ್ಷ ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಂಪು ವೈನ್ ಗುಂಪಿನವರ ಎಚ್‌ಡಿಎಲ್ ("ಒಳ್ಳೆಯ" ಕೊಲೆಸ್ಟ್ರಾಲ್) ಕೊಂಚ ಏರಿದ್ದು ನಿಜ. ಮದ್ಯಸಾರ ಕ್ಯಾನ್ಸರ್ ತರುವ ವಸ್ತು ಎಂಬುದೂ ನಿಜ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವಾದ ಪ್ರಮಾಣ ಎಂಬುದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಆರೋಗ್ಯಕ್ಕೆಂದು ಕುಡಿಯಲು ಆರಂಭಿಸಬಾರದು. ಈ ಲೇಖನದಲ್ಲಿ ಸುರಕ್ಷತೆ ಎಂದಾಗಲೆಲ್ಲ ಅರ್ಥ ಒಂದೇ: ಹೇಗೂ ಕುಡಿಯುವವರಿಗೆ ಅಪಾಯ ಕಡಿಮೆ ಮಾಡುವುದು.

ಒಳ್ಳೆಯ ಉದ್ದೇಶದ ತಪ್ಪು ಲೆಕ್ಕಗಳು

ಆ ದಿನ ಇವರು ಮಾಡಿದ ಪ್ರತಿಯೊಂದರ ಹಿಂದೆಯೂ ಸಕ್ಕರೆಯನ್ನು ಹತೋಟಿಯಲ್ಲಿಡುವ ಕಾಳಜಿ ಇತ್ತು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಊಟ ಬಿಟ್ಟರು, ನಡೆದರು, ಮಾತ್ರೆ ತಪ್ಪಿಸಲಿಲ್ಲ, ಮಲಗುವ ಮುಂಚೆ ಸಕ್ಕರೆ ನೋಡಿದರು, ಹೆಚ್ಚಿದೆ ಎಂದು ಇನ್ಸುಲಿನ್ ಏರಿಸಿದರು. ಬೇರೆ ಯಾವುದೇ ದಿನ ಇದರಲ್ಲಿ ಬಹುಪಾಲನ್ನು ನಾವು ಮೆಚ್ಚುತ್ತಿದ್ದೆವು.

ಊಟ ಬಿಡುವ ಅಭ್ಯಾಸಕ್ಕೆ ನಮ್ಮ ಸಲಹೆಗಳೂ ಕಾರಣ. ಮದ್ಯಸಾರದ ಪ್ರತಿ ಗ್ರಾಮಿನಲ್ಲಿ 7 ಕ್ಯಾಲೊರಿ ಇದೆ, ತೂಕ ಏರುತ್ತದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ ಎನ್ನುತ್ತೇವೆ. 57 ಗ್ರಾಮಿಗೆ ಸುಮಾರು 400 ಕ್ಯಾಲೊರಿ ಆಯಿತು. ಇದನ್ನು ಕೇಳಿದವರು ಊಟ ಕಡಿಮೆ ಮಾಡಿ ಸರಿದೂಗಿಸುತ್ತಾರೆ. ಇನ್ಸುಲಿನ್ ಅಥವಾ ಸಲ್ಫನೈಲ್‌ಯೂರಿಯಾ ತೆಗೆದುಕೊಳ್ಳುವವರಿಗೆ ಆ ಮಾತನ್ನು ಹಾಗೆಯೇ ಹೇಳಬಾರದು. ಅವರು ಗ್ಲಾಸ್ ಕಡಿಮೆ ಮಾಡಬಹುದೇ ಹೊರತು ಊಟವನ್ನಲ್ಲ.

ರಾತ್ರಿಯ 236ರ ಬಗ್ಗೆಯೂ ಒಂದು ಮಾತು. ಬೆರಳಿನ ತುದಿಯಲ್ಲಿ ಸಿಹಿ ಪಾನೀಯದ ಜಿಗುಟು ಉಳಿದಿದ್ದರೂ ಮೀಟರ್ ಇಲ್ಲದ ಸಕ್ಕರೆಯನ್ನು ತೋರಿಸಬಹುದು. ಕೈ ತೊಳೆದು, ಒರೆಸಿಕೊಂಡು ಮತ್ತೊಮ್ಮೆ ನೋಡಬೇಕಿತ್ತು. ಅಂಕಿ ನಿಜವೇ ಆಗಿದ್ದರೂ ಕುಡಿದ ರಾತ್ರಿ ಹೆಚ್ಚುವರಿ ಇನ್ಸುಲಿನ್ ಇವರಿಗೆ ಕೂಡದು. ಇದನ್ನು ಇನ್ಸುಲಿನ್ ಬಿಟ್ಟುಬಿಡಿ ಎಂದು ಯಾರೂ ಓದಿಕೊಳ್ಳಬಾರದು. ಟೈಪ್ 1 ಮಧುಮೇಹ ಇರುವವರು ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನನ್ನು ಬಿಟ್ಟರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಅಪಾಯದ ಮಟ್ಟಕ್ಕೆ ಏರುವ ಕೀಟೋಆಸಿಡೋಸಿಸ್ ಬರುತ್ತದೆ. ಆ ರಾತ್ರಿ ಎಷ್ಟು ತೆಗೆದುಕೊಳ್ಳಬೇಕೆಂದು ಅವರು ತಮ್ಮ ವೈದ್ಯರ ಜೊತೆ ಮುಂಚೆಯೇ ತೀರ್ಮಾನಿಸಿಕೊಂಡಿರಬೇಕು.

ಬೇರೆ ಔಷಧಗಳಲ್ಲಿ ಅಪಾಯದ ರೂಪ ಬೇರೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ಅಪರೂಪ, ಆದರೆ ಅತಿಯಾಗಿ ಕುಡಿದರೆ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿದ್ದರೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುವ ಲ್ಯಾಕ್ಟಿಕ್ ಆಸಿಡೋಸಿಸ್ ಸಂಭವ ಹೆಚ್ಚು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್‌ಗಳಂಥ ಮಾತ್ರೆಗಳವರಿಗೆ ಹೆಚ್ಚು ಕುಡಿದು ಊಟ ಬಿಟ್ಟಾಗ ಕೀಟೋಆಸಿಡೋಸಿಸ್ ಆಗಬಹುದು, ಅದೂ ಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದೆ. ಮರುದಿನದ ವಾಂತಿ, ಹೊಟ್ಟೆನೋವು, ಏದುಸಿರನ್ನು ಅವರು ಕುಡಿತದ ಮಂಪರು ಎಂದು ತಳ್ಳಿಹಾಕುವಂತಿಲ್ಲ. ಗರ್ಭಿಣಿಯರು, ಮೇದೋಜ್ಜೀರಕ ಗ್ರಂಥಿಯ ಉರಿಯೂತ ಆಗಿದ್ದವರು, ಯಕೃತ್ತಿನ ಕಾಯಿಲೆ ಇರುವವರು, ಕುಡಿತಕ್ಕೆ ಅಂಟಿಕೊಂಡವರು, ಸಕ್ಕರೆ ಇಳಿದದ್ದು ತಿಳಿಯದೇ ಇರುವವರು: ಇವರಿಗೆಲ್ಲ ಮದ್ಯ ಬೇಡ. ಪ್ರತಿದಿನ ಹೆಚ್ಚು ಕುಡಿಯುವವರು ಮಾತ್ರ ತಾವಾಗಿ ಒಮ್ಮೆಲೇ ನಿಲ್ಲಿಸದೆ ವೈದ್ಯರ ನೆರವಿನಿಂದ ಬಿಡಬೇಕು. ಹಠಾತ್ತನೆ ಬಿಟ್ಟಾಗ ಸೆಳವು (ಫಿಟ್ಸ್) ಬರುವ ಸಂಭವವಿದೆ.

ಆಮೇಲೆ ಆದದ್ದು

ಆಸ್ಪತ್ರೆಯ ನಂತರದ ಪರೀಕ್ಷೆಯಲ್ಲಿ ರಕ್ತದಲ್ಲಿನ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 420 ಇತ್ತು. ಯಕೃತ್ತಿನ ಎಎಲ್‌ಟಿ ಕಿಣ್ವ ಇರಬೇಕಾದುದರ ಎರಡು ಪಟ್ಟು. ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತದ ಚಿಂತೆ ಶುರುವಾಗುತ್ತದೆ, ಮದ್ಯ ಅದನ್ನು ಮೇಲೆ ತಳ್ಳುತ್ತದೆ. ಎಷ್ಟು ಕುಡಿಯಬಹುದು ಎಂಬ ಪ್ರಶ್ನೆಯನ್ನು ಅಲ್ಲಿಗೆ ಬದಿಗಿಟ್ಟು, ಮೂರು ತಿಂಗಳು ಸಂಪೂರ್ಣ ಬಿಡಲು ಹೇಳಲಾಯಿತು. ಅವರು ಒಪ್ಪಿದರು. ಮೂತ್ರಪಿಂಡದ ಸ್ಥಿತಿ ನೋಡಿ ಗ್ಲಿಮೆಪಿರೈಡ್ ನಿಲ್ಲಿಸಿ ಲಿನಾಗ್ಲಿಪ್ಟಿನ್ ಕೊಡಲಾಯಿತು. ಅದು ತಾನಾಗಿ ಸಕ್ಕರೆಯನ್ನು ಹೀಗೆ ಕೆಡವುವ ಮಾತ್ರೆಯಲ್ಲ, ಮೂತ್ರಪಿಂಡಕ್ಕಾಗಿ ಪ್ರಮಾಣ ಬದಲಿಸಬೇಕಾಗಿಯೂ ಇಲ್ಲ. ಗ್ಲಾರ್ಜಿನ್ 14ಕ್ಕೆ ಇಳಿಯಿತು.

ಮೂರು ತಿಂಗಳಲ್ಲಿ ಟ್ರೈಗ್ಲಿಸರೈಡ್ 210ಕ್ಕೆ ಬಂತು, ಎಎಲ್‌ಟಿ ಸರಿಹೋಯಿತು. ಎಚ್‌ಬಿಎ1ಸಿ 7.4. ಇದನ್ನು ನಾನು ಹಿನ್ನಡೆ ಎಂದು ಎಣಿಸುವುದಿಲ್ಲ. ಹಿಂದಿನ 7.1ರಲ್ಲಿ ಯಾರ ಗಮನಕ್ಕೂ ಬಾರದ ಇಳಿತಗಳ ಪಾಲೂ ಇದ್ದಿರಬೇಕು.

ಮುಂದಿನ ಕೂಟ ಹತ್ತಿರವಾದಾಗ ಅವರೇ ಮುಂಚಿತವಾಗಿ ಬಂದು ಕೇಳಿದರು, ಈ ಬಾರಿ ಹೆಂಡತಿ ಮತ್ತು ಮಗನ ಜೊತೆ. ಒಂದು ಕಾಗದದಲ್ಲಿ ಬರೆದುಕೊಟ್ಟದ್ದು ಇಷ್ಟು. ಅಂದು ಯಾವ ಊಟವನ್ನೂ ಬಿಡುವಂತಿಲ್ಲ, ಎಂದಿಗಿಂತ ಹೆಚ್ಚು ನಡೆಯುವಂತಿಲ್ಲ. ಸಕ್ಕರೆ ಮೊದಲೇ 100ಕ್ಕಿಂತ ಕೆಳಗಿದ್ದರೆ ಅಂದು ಗ್ಲಾಸ್ ಇಲ್ಲ. ಊಟದ ಜೊತೆಯಲ್ಲಿ, ನಿಧಾನವಾಗಿ, 30 ಮಿಲಿಲೀಟರಿನ ಎರಡರವರೆಗೆ, ಸೋಡಾ ಅಥವಾ ನೀರಿನಲ್ಲಿ. ಅಳತೆ ತಾವೇ ನೋಡಿ ಹಾಕಿಸಿಕೊಳ್ಳಬೇಕು. ಜೊತೆಯಲ್ಲಿರುವ ಒಬ್ಬರಿಗಾದರೂ ಮಧುಮೇಹದ ವಿಷಯ ಗೊತ್ತಿರಬೇಕು, ಜೇಬಿನಲ್ಲಿ ಗ್ಲುಕೋಸ್ ಇರಬೇಕು, ವಾಹನ ಓಡಿಸುವಂತಿಲ್ಲ. ಮಲಗುವಾಗ ಸಕ್ಕರೆ 140ಕ್ಕಿಂತ ಕಡಿಮೆ ಇದ್ದರೆ ಪಿಷ್ಟ ಇರುವ ತಿನಿಸು ತಿಂದು ಮಲಗಬೇಕು, ಎಷ್ಟೇ ಹೆಚ್ಚಿದ್ದರೂ 14 ಯೂನಿಟ್ ದಾಟುವಂತಿಲ್ಲ. ರಾತ್ರಿ ಮೂರಕ್ಕೊಮ್ಮೆ, ಬೆಳಿಗ್ಗೆ ಏಳಕ್ಕೊಮ್ಮೆ ಬೆರಳು ಚುಚ್ಚಿ ನೋಡಬೇಕು. ರಜೆಯ ದಿನವಾದರೂ ತಿಂಡಿ ತಪ್ಪಿಸುವಂತಿಲ್ಲ. 70ಕ್ಕಿಂತ ಕೆಳಗಿದ್ದು ಎಚ್ಚರವಾಗಿದ್ದರೆ 15 ಗ್ರಾಂ ಗ್ಲುಕೋಸ್ ತಿಂದು 15 ನಿಮಿಷಕ್ಕೆ ಮತ್ತೆ ನೋಡುವುದು, ಸರಿಹೋದ ಮೇಲೆ ಏನಾದರೂ ತಿನ್ನುವುದು. ಎಚ್ಚರ ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ ಆಂಬುಲೆನ್ಸ್ ಕರೆಸುವುದು. ಈ ಅಂಕಿಗಳು ಇವರೊಬ್ಬರ ಔಷಧಗಳಿಗೆ ಹೊಂದಿಸಿದವು. ಬೇರೆಯವರು ತಮ್ಮ ವೈದ್ಯರಿಂದ ತಮ್ಮದೇ ಕಾಗದ ಬರೆಸಿಕೊಳ್ಳಬೇಕು.

ಮಗ ಅಲ್ಲಿಯೇ ಕುಳಿತು ಮೀಟರಿಗೆ ಸ್ಟ್ರಿಪ್ ಹಾಕಿ ತನ್ನ ಬೆರಳನ್ನೇ ಚುಚ್ಚಿಕೊಂಡು ನೋಡುವುದನ್ನು ಕಲಿತ. ಮೊದಲ ಸಲ ರಕ್ತದ ಹನಿ ಸಾಲದೆ ಮೀಟರ್ ದೋಷ ತೋರಿಸಿತು, ಎರಡನೆಯ ಸಲ ಸರಿಯಾಯಿತು. ಬೆಳಿಗ್ಗೆ ಏಳರ ಪರೀಕ್ಷೆ ತನ್ನ ಜವಾಬ್ದಾರಿ ಎಂದ. ಟ್ರೈಗ್ಲಿಸರೈಡ್ ಮತ್ತೆ ಏರಿದರೆ ಈ ಎರಡು ಗ್ಲಾಸಿನ ಅನುಮತಿಯೂ ಇರುವುದಿಲ್ಲ ಎಂದು ಕಾಗದದ ಕೊನೆಯ ಸಾಲಿನಲ್ಲಿ ಬರೆದಿದೆ. ಆ ಪರೀಕ್ಷೆ ಮೂರು ತಿಂಗಳಿಗೆ ನಿಗದಿಯಾಗಿದೆ.